ಸದ್ದಿಗೂ ಉತ್ತರಕ್ಕೂ ನಡುವೆ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಕಿಟಕಿಗಳು ನಡುಗುವಂತಹ ಸದ್ದು ಕೇಳಿಸಿದಾಗ, ಮಸ್ಕತ್ತಿನಲ್ಲಿ ಲಾಕ್‌ಡೌನಿನಿಂದ ಮನೆಯೊಳಗಿದ್ದ ನಮ್ಮ ಫೋನುಗಳಿಗೂ ಸುದ್ದಿ ಬಂದಿತು. ಭೂಕಂಪವೆಂದರು, ಅಲ್ಲವೆಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತಿಳಿಸಿತು. ಅಷ್ಟರಲ್ಲಿ ಅನ್ಯಗ್ರಹದವರು ಇಳಿದರೆಂಬ ಮಾತು, ಅರ್ಧ ತಮಾಷೆಯಾಗಿಯೇ, ಎಲ್ಲೆಡೆ ಹಬ್ಬಿತು. ವಾಯುಪಡೆಯ ಪರೀಕ್ಷಾ ವಿಮಾನವೊಂದು ಶಬ್ದವೇಗವನ್ನು ಮೀರಿ ಹಾರಿದ್ದರ ಫಲವದು ಎಂದು ರಕ್ಷಣಾ ಇಲಾಖೆ ಹೇಳಿದ್ದು ಸಂಜೆಗೆ.

ರಕ್ಷಣೆಗೆ ಗುಟ್ಟು ಬೇಕು, ಒಪ್ಪುತ್ತೇವೆ. ಆದರೆ ಊರೆಲ್ಲ ಕೇಳಿದ ಸದ್ದನ್ನು ಗುಟ್ಟಾಗಿಡುವುದೆಂತು? ವಿಮಾನದ ಮಾದರಿ, ಮಾರ್ಗ ಹೇಳದಿದ್ದರೂ ಸರಿ. ಅರ್ಧ ಗಂಟೆಯೊಳಗೆ ಎರಡು ಸಾಲು ಸಾಕಿತ್ತು. ಅಮೆರಿಕದ ರಾಸ್‌ವೆಲ್ ಬಳಿ 1947ರಲ್ಲಿ ಸಿಕ್ಕ ಅವಶೇಷವನ್ನು ಸೇನೆಯು ಹವಾಮಾನದ ಬಲೂನೆಂದಿತು. ಸೋವಿಯತ್ ಅಣುಪರೀಕ್ಷೆಗಳ ಸುಳಿವು ಹಿಡಿಯಲು ಹಾರಿಸಿದ ರಹಸ್ಯ ಬಲೂನು ಅದೆಂದು ವಾಯುಪಡೆ ವರದಿ ಮಾಡಿದ್ದು 1994ರಲ್ಲಿ. 47 ವರ್ಷಗಳ ಮೇಲೆ ನಂಬುವವರು ಯಾರು?

ನಾವಿರುವ ಒಮಾನಿನಲ್ಲೇ, 2018ರ ಫೆಬ್ರವರಿಯಲ್ಲಿ, ಮಂಗಳಗ್ರಹಯಾತ್ರೆಯ ತಾಲೀಮಿಗಾಗಿ ಗಗನಯಾತ್ರಿಗಳ ಪೋಷಾಕು ತೊಟ್ಟವರು ದೋಫಾರಿನ ಮರುಭೂಮಿಯಲ್ಲಿ ಓಡಾಡಿದರು. ಅನ್ಯಗ್ರಹಜೀವಿಗಳ ಕಥೆ ಕಟ್ಟಲು ಅದಕ್ಕಿಂತ ಒಳ್ಳೆಯ ದೃಶ್ಯ ಬೇಕೆ? ಆದರೆ ಆಸ್ಟ್ರಿಯಾದ ಆ ತಂಡವು ಒಮಾನಿನೊಂದಿಗೆ ಸೇರಿ ಎಲ್ಲವನ್ನೂ ಮೊದಲೇ ಪ್ರಕಟಿಸಿತ್ತು. ಪತ್ರಕರ್ತರನ್ನೂ ಕರೆದು ತೋರಿಸಿತ್ತು.