ಯಂತ್ರ ಕೊಳ್ಳುವ ಮೊದಲು ಕಡತವನ್ನು ಕೇಳೋಣ: ಗಡಿನಾಡ ಕನ್ನಡ ಮಾಧ್ಯಮ ಮತ್ತು ಇ-ಪುಸ್ತಕ

2025ರ ಫೆಬ್ರವರಿ 1ರಂದು ಮಂಡನೆಯಾದ ಕೇಂದ್ರ ಮುಂಗಡಪತ್ರದಲ್ಲಿ ‘ಭಾರತೀಯ ಭಾಷಾ ಪುಸ್ತಕ ಯೋಜನೆ’ಯ ಘೋಷಣೆಯಾಯಿತು. ಶಾಲಾ ಶಿಕ್ಷಣಕ್ಕೂ ಉನ್ನತ ಶಿಕ್ಷಣಕ್ಕೂ ಬೇಕಾದ ಪುಸ್ತಕಗಳನ್ನು ಭಾರತೀಯ ಭಾಷೆಗಳಲ್ಲಿ ಡಿಜಿಟಲ್ ರೂಪದಲ್ಲಿ ಒದಗಿಸುವುದು ಅದರ ಆಶಯ. ಅದಕ್ಕೂ ಮೊದಲು, 2023ರ ಮುಂಗಡಪತ್ರದಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೊಂದನ್ನು ಘೋಷಿಸಲಾಗಿತ್ತು. ಎರಡೂ ಸ್ವಾಗತಾರ್ಹ. ಆದರೆ ಕರ್ನಾಟಕದ ಗಡಿಯಾಚೆ ಕನ್ನಡದಲ್ಲಿ ಕಲಿಯುವ ಮಕ್ಕಳ ಹೆತ್ತವರು ಈ ಹಂತದಲ್ಲಿಯೇ ಕೇಳಬೇಕಾದ ಪ್ರಶ್ನೆಯೊಂದಿದೆ: ‘ಡಿಜಿಟಲ್ ರೂಪ’ ಎಂದರೆ ಯಾವ ರೂಪ?

ಈ ಪ್ರಶ್ನೆಗೆ ನಮ್ಮಲ್ಲಿ ಇರುವಷ್ಟು ತೂಕ ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಇರಲಾರದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಓದುವುದು ಕೇರಳದ ಪಠ್ಯಕ್ರಮದ ಕನ್ನಡ ಪುಸ್ತಕವನ್ನು. ಅಕ್ಕಲಕೋಟೆ, ಜತ್ತ ತಾಲೂಕುಗಳ ಮಗುವಿಗೆ ಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. ತಾಳವಾಡಿ, ಹೊಸೂರು ಕಡೆಯ ಶಾಲೆಗಳದು ತಮಿಳುನಾಡಿನ ಪಠ್ಯಕ್ರಮ. ಭಾಷೆ ಒಂದೇ ಆದರೂ ಕರ್ನಾಟಕದ ವಿಜ್ಞಾನ ಅಥವಾ ಸಮಾಜಶಾಸ್ತ್ರದ ಪುಸ್ತಕ ಇವರಿಗೆ ಬದಲಿಯಾಗದು. ಮುದ್ರಣವಾಗುವ ಪ್ರತಿಗಳು ಕಡಿಮೆ, ಪೇಟೆಯ ಅಂಗಡಿಯಲ್ಲಿ ಕೇಳಿದರೆ ಸಿಗುವಂಥವೂ ಅಲ್ಲ. ಪುಸ್ತಕ ತಡವಾಗಿ ಬಂದ ವರ್ಷದಲ್ಲಿ, ಮಳೆಗೆ ನೆನೆದು ಹಾಳಾದ ತಿಂಗಳಲ್ಲಿ, ಅಂತರಜಾಲದಲ್ಲಿರುವ ಕಡತವೇ ಮಗುವಿನ ಕೈಗೆ ಸಿಗುವ ಪುಸ್ತಕ. ಆ ಕಡತ ಓದಲು ಬಾರದ ರೂಪದಲ್ಲಿದ್ದರೆ ನಮಗೆ ಬೇರೆ ದಾರಿ ಇಲ್ಲ.

ಪುಟದ ಚಿತ್ರ, ಹರಿಯುವ ಅಕ್ಷರ

ಮಕ್ಕಳ ಕಣ್ಣಿಗೆ ಮೊಬೈಲ್ ಪರದೆ ಹೊರೆಯಾಗುತ್ತಿದೆ, ಇ-ರೀಡರ್ ತೆಗೆದುಕೊಡಬಹುದೇ ಎಂದು ವಿಚಾರಿಸುವ ಹೆತ್ತವರು ಈಗ ನಮ್ಮ ನಡುವೆಯೂ ಇದ್ದಾರೆ. ಕಾಳಜಿ ಸರಿಯಾದುದೇ. ಇ-ರೀಡರಿನ ‘ಇ-ಇಂಕ್’ ಪರದೆ ಕಾಗದದಂತೆ ಹೊರಗಿನ ಬೆಳಕನ್ನು ಪ್ರತಿಫಲಿಸುತ್ತದೆ. ಬಿಸಿಲಿನಲ್ಲಿಯೂ ಅಕ್ಷರ ಸ್ಪಷ್ಟ. ಪುಟ ಬದಲಾಗುವಾಗ ಮಾತ್ರ ವಿದ್ಯುತ್ ವ್ಯಯವಾಗುವುದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುತ್ತದೆ. ಆಟ, ವಿಡಿಯೊಗಳ ಸೆಳೆತವೂ ಇಲ್ಲ. ಆದರೆ ಯಂತ್ರದ ಗುಣಗಳೆಲ್ಲ ಪ್ರಯೋಜನಕ್ಕೆ ಬರುವುದು ಅದರೊಳಗೆ ಹಾಕುವ ಕಡತ ತಕ್ಕುದಾಗಿದ್ದಾಗ ಮಾತ್ರ.

ಪಠ್ಯಪುಸ್ತಕಗಳು ಇಂದು ಸಾಮಾನ್ಯವಾಗಿ ದೊರೆಯುವುದು ಪಿಡಿಎಫ್ ರೂಪದಲ್ಲಿ. ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದ ಈ ರೂಪ ಹುಟ್ಟಿದ್ದು ಮುದ್ರಣದ ಅಗತ್ಯದಿಂದ. ಯಾವ ಯಂತ್ರದಲ್ಲಿ ತೆರೆದರೂ ಪುಟ ಅದೇ ವಿನ್ಯಾಸದಲ್ಲಿ ಕಾಣಬೇಕು ಎಂಬುದು ಅದರ ಗುರಿ. ಮುದ್ರಣಾಲಯಕ್ಕೆ ವರವಾದ ಈ ಸ್ಥಿರತೆಯೇ ಸಣ್ಣ ಪರದೆಯಲ್ಲಿ ಶಾಪವಾಗುತ್ತದೆ. ಎ4 ಅಳತೆಯ ಪುಟದ ಕರ್ಣ ಸುಮಾರು 14 ಇಂಚು. ಅದನ್ನು 6 ಇಂಚಿನ ಇ-ರೀಡರಿನಲ್ಲಿ ಪೂರ್ತಿ ತೋರಿಸಿದರೆ 12 ಪಾಯಿಂಟ್ ಗಾತ್ರದ ಅಕ್ಷರ ಸುಮಾರು 5 ಪಾಯಿಂಟಿಗೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರವನ್ನಾದರೂ ಕಷ್ಟಪಟ್ಟು ಓದಬಹುದು. ಕನ್ನಡದಲ್ಲಿ ಮೂಲಾಕ್ಷರದ ಕೆಳಗೆ ಒತ್ತಕ್ಷರ, ಬದಿಗೆ ದೀರ್ಘ, ಮೇಲೆ ಗುಣಿತಚಿಹ್ನೆ. ‘ತ’ ಒತ್ತೋ ‘ನ’ ಒತ್ತೋ ಎಂದು ತಿಳಿಯದೆ ಎರಡನೇ ತರಗತಿಯ ಮಗು ತಡವರಿಸಿದರೆ ತಪ್ಪು ಮಗುವಿನದಲ್ಲ.

ಇಪಬ್ ಎಂಬ ಇನ್ನೊಂದು ರೂಪ 2007ರಲ್ಲಿ ಮಾನಕವಾಯಿತು. ಈಗ ಅದನ್ನು ನೋಡಿಕೊಳ್ಳುತ್ತಿರುವುದು ಜಾಲತಾಣಗಳ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ, ಅದರ 3.3ನೇ ಆವೃತ್ತಿ 2023ರಲ್ಲಿ ಅಂಗೀಕೃತವಾಯಿತು. ಒಳಗಿನಿಂದ ನೋಡಿದರೆ ಇಪಬ್ ಕಡತವು ಜಾಲಪುಟಗಳನ್ನು ಕಟ್ಟಿಟ್ಟ ಒಂದು ಗಂಟು. ಪರದೆಯ ಅಗಲಕ್ಕೆ ತಕ್ಕಂತೆ ಸಾಲುಗಳು ಹರಿಯುತ್ತವೆ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಚಿತ್ರಗಳು ಹೆಚ್ಚಿಲ್ಲದ ಕಥೆಪುಸ್ತಕ ಒಂದೆರಡು ಎಂಬಿಯೊಳಗೆ ಮುಗಿಯುತ್ತದೆ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಬೇಕಾದ ಊರಿನಲ್ಲಿ ಇದೂ ದೊಡ್ಡ ಅನುಕೂಲವೇ.

ಹಳೆಯ ಫಾಂಟಿನ ಕಗ್ಗಂಟು

ಹಾಗಾದರೆ ಇರುವ ಪಿಡಿಎಫ್ಪನ್ನು ನಾವೇ ಇಪಬ್ ಆಗಿ ಪರಿವರ್ತಿಸಿಕೊಳ್ಳಬಾರದೇ? ಅದಕ್ಕಾಗಿ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶವಿದೆ. ಕೊವಿದ್ ಗೋಯಲ್ ಅವರು 2006ರಲ್ಲಿ ಆರಂಭಿಸಿದ ಇದು ಲಿನಕ್ಸ್, ವಿಂಡೋಸ್ ಎರಡರಲ್ಲಿಯೂ ಓಡುತ್ತದೆ. ಆದರೆ ಕನ್ನಡದ ಪಿಡಿಎಫ್‌ಗಳಲ್ಲಿ ಮೂರು ಜಾತಿಗಳಿವೆ ಎಂಬುದನ್ನು ಮೊದಲು ಅರಿಯಬೇಕು. ಒಂದು, ಯುನಿಕೋಡ್ ಅಕ್ಷರಗಳಿಂದ ಸಿದ್ಧವಾದದ್ದು. ಎರಡು, ಕಾಗದದ ಪುಟವನ್ನು ಸ್ಕ್ಯಾನ್ ಮಾಡಿದ ಬರಿಯ ಚಿತ್ರ. ಮೂರು, ಹಳೆಯ ಫಾಂಟುಗಳಲ್ಲಿ ಅಚ್ಚುಜೋಡಿಸಿದ್ದು. ಈ ಮೂರನೆಯದೇ ಕನ್ನಡಕ್ಕೆ ವಿಶೇಷವಾದ ಕಗ್ಗಂಟು.

ಯುನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳು 1991ರ ಮೊದಲ ಆವೃತ್ತಿಯಿಂದಲೇ ಇವೆ. ಆದರೂ ಮುದ್ರಣಾಲಯಗಳ ಪುಟವಿನ್ಯಾಸದ ತಂತ್ರಾಂಶಗಳು ಭಾರತೀಯ ಲಿಪಿಗಳನ್ನು ಬಹುಕಾಲ ಸರಿಯಾಗಿ ಕೂಡಿಸುತ್ತಿರಲಿಲ್ಲವಾದ್ದರಿಂದ, ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಬಳಕೆಗೆ ಬಂದವು. ಕಣ್ಣಿಗೆ ಅಲ್ಲಿ ಕನ್ನಡ ಕಾಣುತ್ತದೆ; ಯಂತ್ರಕ್ಕೆ ಕಾಣುವುದು ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲು. ಇಂಥ ಕಡತವನ್ನು ಕ್ಯಾಲಿಬರಿಗೆ ಕೊಟ್ಟರೆ ಹೊರಬರುವುದೂ ಅದೇ ಗೋಜಲು.

ಪರೀಕ್ಷೆ ಸುಲಭ. ಪಿಡಿಎಫ್ ತೆರೆದು ಒಂದು ಸಾಲನ್ನು ನಕಲಿಸಿ ವಾಟ್ಸ್ಆ್ಯಪ್ ಸಂದೇಶಕ್ಕೆ ಅಂಟಿಸಿ. ಕನ್ನಡವೇ ಬಂದರೆ ಯುನಿಕೋಡ್. ರೋಮನ್ ಗೋಜಲು ಬಂದರೆ ಹಳೆಯ ಫಾಂಟು. ಸಾಲನ್ನು ಆಯ್ದುಕೊಳ್ಳಲೇ ಆಗದಿದ್ದರೆ ಚಿತ್ರ. ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಚಿತ್ರದಿಂದ ಕನ್ನಡ ಅಕ್ಷರವನ್ನು ಗುರುತಿಸುವ ಟೆಸೆರಾಕ್ಟ್‌ನಂತಹ ಮುಕ್ತ ತಂತ್ರಾಂಶವೂ ಇದೆ. ಎರಡರಲ್ಲಿಯೂ ತಪ್ಪುಗಳು ನುಸುಳುವುದರಿಂದ ಒಬ್ಬರು ಕೂತು ಕರಡು ತಿದ್ದಲೇಬೇಕು.

ಇದರಲ್ಲಿ ಅತಿ ಹೆಚ್ಚು ನಷ್ಟವಾಗುವುದು ದೃಷ್ಟಿಸವಾಲುಳ್ಳ ವಿದ್ಯಾರ್ಥಿಗೆ. ಯುನಿಕೋಡ್ ಪಠ್ಯವನ್ನು ಫೋನು ಗಟ್ಟಿಯಾಗಿ ಓದಿ ಹೇಳಬಲ್ಲದು; ಚಿತ್ರದ ಪುಟದ ಮುಂದೆ ಅದು ಮೂಕ. ಮುದ್ರಿತ ಕೃತಿಗಳನ್ನು ಇಂಥ ಓದುಗರಿಗೆ ತಲುಪಿಸುವ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಆ ಹೆಮ್ಮೆ ಶಾಲೆಯ ಪಠ್ಯಪುಸ್ತಕದ ಮಟ್ಟಕ್ಕೂ ಇಳಿಯಬೇಕಲ್ಲವೇ?

ಯಾವ ಯಂತ್ರ, ಯಾರಿಗೆ?

ಈ ಹಿನ್ನೆಲೆಯಲ್ಲಿ ಕೊಳ್ಳುವ ಮಾತು. ಪಠ್ಯಪುಸ್ತಕ ಓದಿಸುವುದೇ ಉದ್ದೇಶವಾದರೆ, ಪುಸ್ತಕಗಳು ಪಿಡಿಎಫ್ ಆಗಿಯೇ ಇರುವವರೆಗೆ 6 ಅಥವಾ 7 ಇಂಚಿನ ಇ-ರೀಡರ್ ಕೊಳ್ಳಬೇಡಿ. ಬಣ್ಣದ ನಕ್ಷೆ, ರೇಖಾಚಿತ್ರಗಳಿರುವ ಪುಟಗಳಿಗೆ 10 ಇಂಚಿನ ಸಾಧಾರಣ ಟ್ಯಾಬ್ಲೆಟ್ ಅಥವಾ ಶಾಲೆಯ ಕಂಪ್ಯೂಟರ್ ಮೇಲು. ಕಥೆ, ಜೀವನಚರಿತ್ರೆ, ಕಾದಂಬರಿಗಳ ಓದಿಗೆ ಇ-ರೀಡರ್ ನಿಜಕ್ಕೂ ಒಳ್ಳೆಯ ಸಂಗಾತಿ. ಬೆಲೆ ಒಂದು ಸಾಧಾರಣ ಸ್ಮಾರ್ಟ್‌ಫೋನಿನಷ್ಟು ಅಥವಾ ಅದಕ್ಕಿಂತ ಹೆಚ್ಚಾಗುವುದರಿಂದ, ಮಗುವಿಗೊಂದರಂತೆ ಕೊಳ್ಳುವ ಬದಲು ರಕ್ಷಕ-ಶಿಕ್ಷಕ ಸಂಘ ಶಾಲಾ ಗ್ರಂಥಾಲಯಕ್ಕೆ ಎರಡು ಮೂರು ತರಿಸಿ ಸರದಿಯಲ್ಲಿ ಕೊಡುವುದು ವಿವೇಕ.

ಕೊಳ್ಳುವ ಮೊದಲು ಕನ್ನಡದ ಇಪಬ್ ಒಂದನ್ನು ಅದರಲ್ಲಿ ತೆರೆದು ನೋಡಬೇಕು. ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಸೂರ್ಯ’, ‘ಜ್ಞಾನ’ ಈ ನಾಲ್ಕು ಪದಗಳು ಸಾಕು. ಒತ್ತುಗಳು ಬಿಡಿಬಿಡಿಯಾಗಿ ಒಡೆದು ಕಂಡರೆ, ಅಕ್ಷರದ ಜಾಗದಲ್ಲಿ ಚೌಕಗಳು ಬಂದರೆ ಆ ಯಂತ್ರ ಕನ್ನಡಕ್ಕೆ ಒದಗದು. ನೋಟೊ ಸೆರಿಫ್ ಕನ್ನಡದಂತಹ ಉಚಿತ ಫಾಂಟನ್ನು ನಾವೇ ಸೇರಿಸಲು ಅವಕಾಶವಿದೆಯೇ ಎಂಬುದನ್ನೂ ವಿಚಾರಿಸಬೇಕು.

ಈ ಎಚ್ಚರಿಕೆಗೆ ಕಾರಣವಿದೆ. ಅಮೆಜಾನ್ 2016ರ ಕೊನೆಯಲ್ಲಿ ತನ್ನ ಕಿಂಡಲ್ ಪುಸ್ತಕಗಳನ್ನು ಭಾರತೀಯ ಭಾಷೆಗಳಿಗೆ ತೆರೆದಾಗ ಆರಿಸಿಕೊಂಡದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಈ ಐದನ್ನು. ನಮ್ಮ ನೆರೆಮನೆಯ ಮೂರು ಭಾಷೆಗಳು ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ಇಪಬ್ ಕಡತವನ್ನು ಕೇಬಲ್ ಮೂಲಕ ಕಿಂಡಲಿಗೆ ಹಾಕಿದರೆ ತೆರೆದುಕೊಳ್ಳುವುದಿಲ್ಲ. 2022ರಿಂದ ಅಮೆಜಾನ್‌ನ ‘ಸೆಂಡ್ ಟು ಕಿಂಡಲ್’ ಸೇವೆಯ ಮೂಲಕ ಕಳುಹಿಸಿದರೆ ಅದು ಪರಿವರ್ತನೆಗೊಂಡು ಬರುತ್ತದೆ.

ಇನ್ನೊಂದು ವಿಷಯ ಒಡೆತನದ್ದು. 2009ರಲ್ಲಿ ಅಮೆಜಾನ್ ಹಕ್ಕುಸ್ವಾಮ್ಯದ ತಕರಾರಿನ ಕಾರಣಕ್ಕೆ ಜಾರ್ಜ್ ಆರ್ವೆಲ್‌ರ ಕೃತಿಗಳ ಮಾರಿದ ಪ್ರತಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದಲೇ ಅಳಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಕೊಂಡವರಿಗೆ ಹಣ ಮರಳಿತು, ಪುಸ್ತಕಗಳು ಮಾಯವಾದವು. 2025ರ ಫೆಬ್ರವರಿಯಲ್ಲಿ ಅಮೆಜಾನ್, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಸಾಗಿಸುವ ಸೌಲಭ್ಯವನ್ನೂ ನಿಲ್ಲಿಸಿತು. ಅಣ್ಣನ ಪುಸ್ತಕ ತಂಗಿಗೆ, ತಂಗಿಯದು ಪಕ್ಕದ ಮನೆಗೆ ಸಾಗುವುದು ನಮ್ಮ ಶಾಲೆಗಳ ರೂಢಿ. ಬೀಗ ಹಾಕಿದ ಕಡತ ಹೀಗೆ ಸಾಗದು. ಆದ್ದರಿಂದ ಬೀಗವಿಲ್ಲದ ಇಪಬ್ ಎಲ್ಲಿ ಸಿಗುತ್ತದೆಯೋ ಅದಕ್ಕೆ ಮೊದಲ ಆದ್ಯತೆ.

ಅಂಥ ಆಕರಗಳು ಇವೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಕನ್ನಡ ವಿಕಿಸೋರ್ಸ್‌ನ ಪುಸ್ತಕಗಳನ್ನು ಇಪಬ್ ಆಗಿ ಇಳಿಸಿಕೊಳ್ಳಬಹುದು. ನಮ್ಮ ನೆಲದ್ದೇ ಒಂದು ಅವಕಾಶವೂ ತೆರೆದಿದೆ. ಭಾರತದಲ್ಲಿ ಹಕ್ಕುಸ್ವಾಮ್ಯ ಇರುವುದು ಲೇಖಕರ ಮರಣಾನಂತರ 60 ವರ್ಷ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ನಿಧನರಾದದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. ಮಂಜೇಶ್ವರದ ಯಾವ ಶಾಲೆಯೂ ಅವನ್ನು ಟೈಪಿಸಿ, ಕರಡು ತಿದ್ದಿ, ಇಪಬ್ ಮಾಡಿ ಹಂಚಬಹುದು. 2015ರಲ್ಲಿ ಅಗಲಿದ ಕಯ್ಯಾರ ಕಿಞ್ಞಣ್ಣ ರೈಗಳ ಕೃತಿಗಳಿಗೆ ಇದು ಅನ್ವಯಿಸದು; ಅಲ್ಲಿ ಹಕ್ಕುದಾರರ ಅನುಮತಿ ಬೇಕೇ ಬೇಕು.

ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಮುಕ್ತ ತಂತ್ರಾಂಶ ಬಹುಕಾಲದಿಂದ ನೆಲೆಯೂರಿದೆ. ‘ಲಿಟಲ್ ಕೈಟ್ಸ್’ ಕೂಟಗಳ ತರಬೇತಿಯಲ್ಲಿ ಮಲಯಾಳಂ ಕಂಪ್ಯೂಟಿಂಗ್‌ಗೆ ಸ್ಥಾನವಿದೆ. ಕನ್ನಡ ಶಾಲೆಯ ಕೂಟಕ್ಕೆ ಅದೇ ಪಾಠ ಕನ್ನಡದಲ್ಲಿ ದೊರೆತರೆ ಈ ಕೆಲಸ ಮಕ್ಕಳಿಂದಲೇ ಆಗಬಲ್ಲದು.

ಕೇಳಬೇಕಾದ ಮೂರು ಮಾತು

ಆದರೂ ಪಠ್ಯಪುಸ್ತಕದ ಹೊಣೆಯನ್ನು ಮಕ್ಕಳ ಮೇಲೂ ಹೆತ್ತವರ ಮೇಲೂ ಹೊರಿಸಿ ಸರ್ಕಾರಗಳು ಸುಮ್ಮನಿರಲಾಗದು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಪ್ರತಿ ರಾಜ್ಯಕ್ಕೂ ಹೇಳುತ್ತದೆ. ಓದಬಲ್ಲ ಕಡತವೂ ಇಂದು ಆ ಸೌಲಭ್ಯದ ಭಾಗವೇ. ಇದು ಅಸಾಧ್ಯದ ಬೇಡಿಕೆಯೂ ಅಲ್ಲ: ಎನ್‌ಸಿಇಆರ್‌ಟಿ 2015ರ ಇ-ಪಾಠಶಾಲಾ ಯೋಜನೆಯಲ್ಲಿಯೇ ತನ್ನ ಪುಸ್ತಕಗಳನ್ನು ಮೊಬೈಲಿಗಾಗಿ ಇಪಬ್ ರೂಪದಲ್ಲಿ ಕೊಟ್ಟಿತ್ತು.

ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮೂರು ಸಾಲಿನ ನಿರ್ಣಯ ಸಾಕು. ಕನ್ನಡ ಮಾಧ್ಯಮದ ಪ್ರತಿ ಪಠ್ಯಪುಸ್ತಕವನ್ನೂ ಪಿಡಿಎಫ್ ಜೊತೆಗೆ ಯುನಿಕೋಡ್ ಇಪಬ್ ಆಗಿ ಪ್ರಕಟಿಸಬೇಕು. ಶಾಲೆ ತೆರೆಯುವ ದಿನಕ್ಕೆ ಅದು ತಾಣದಲ್ಲಿರಬೇಕು. ಭಾರತೀಯ ಭಾಷಾ ಪುಸ್ತಕ ಯೋಜನೆಯಲ್ಲಿ ಕನ್ನಡವೆಂದರೆ ಕರ್ನಾಟಕದ ಪಠ್ಯವಷ್ಟೇ ಎಂದಾಗದೆ, ನೆರೆರಾಜ್ಯಗಳ ಕನ್ನಡ ಪಠ್ಯಗಳೂ ಸೇರಬೇಕು. ನಿರ್ಣಯದ ಪ್ರತಿ ರಾಜ್ಯದ ಶಿಕ್ಷಣ ಇಲಾಖೆಗೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಹೋಗಲಿ. ಮುದ್ರಣಕ್ಕೆ ಪ್ರತಿಗಳ ಸಂಖ್ಯೆ ಕಡಿಮೆ ಎಂಬ ನೆಪ ಹಳೆಯದು. ಕಡತಕ್ಕೆ ಆ ನೆಪ ಅನ್ವಯಿಸುವುದಿಲ್ಲ. ಹತ್ತು ಮಕ್ಕಳಿಗೂ ಹತ್ತು ಸಾವಿರ ಮಕ್ಕಳಿಗೂ ಅದೇ ಒಂದು ಕಡತ ಸಾಕು.