ಪಾರ್ಸೆಲ್ ಮೇಲೆ ನಿಜವಾದ ಬೆಲೆ ಬರೆಸಿ

ಬೀದರಿನ ಬಿದ್ರಿ ಹೂಜಿಯಲ್ಲಿ ಬೆಳ್ಳಿಯ ಎಳೆ ಕೂರಿಸಲು ದಿನಗಟ್ಟಲೆ ಬೇಕು. ಮನೆಯಲ್ಲೇ ಆರಿ ಕಸೂತಿ ಮಾಡುವ ನಮ್ಮ ಅಮ್ಮಿ, ಖಾಲಾಗಳ ದುಪಟ್ಟಾಗೂ ಅಷ್ಟೇ ಶ್ರಮ ಬೇಕು. ಆದರೆ ಅಂಥ ವಸ್ತು ಕಳುಹಿಸುವಾಗ ವಿಮೆಯ ಹಣ ಉಳಿಸಲು ಅನೇಕರು ಕಡಿಮೆ ಬೆಲೆ ಬರೆಸುತ್ತಾರೆ. ಇದು ಉಳಿತಾಯವಲ್ಲ. ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಓದಿದಂತೆ ವಿಮೆಯಿಂದ ಸಿಗುವುದು ನಷ್ಟದ ಪರಿಹಾರ, ಅದೂ ವಿಮೆ ಮಾಡಿಸಿದ ಮೊತ್ತದೊಳಗೆ. 5,000 ರೂಪಾಯಿಯ ದುಪಟ್ಟಾಗೆ 500 ಎಂದು ಬರೆಸಿದರೆ, ಕಳೆದುಹೋದಾಗ ಮಿಕ್ಕ 4,500 ದುಡಿದವರ ತಲೆಯ ಮೇಲೆಯೇ.

ಬಿಲ್, ಪ್ಯಾಕ್ ಮಾಡುವ ಮುನ್ನ ತೆಗೆದ ಫೋಟೊ, ರಸೀದಿ ಜೋಪಾನವಾಗಿರಲಿ. ಪಾರ್ಸೆಲ್ ತಲುಪದಿದ್ದರೆ ತಡಮಾಡದೆ ಲಿಖಿತ ದೂರು ಕೊಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೈಕೆಲಸದ ಬೆಲೆಯನ್ನು ನಾವೇ ಕಡಿಮೆ ಬರೆಸಿದರೆ ಬೇರೆಯವರು ಹೆಚ್ಚು ಕೊಡುತ್ತಾರೆಯೇ?