ತುರಿಕೆ ಅಂದಾಗ ಕಿವಿಗೊಡಿ

ಸ್ತನ ಕ್ಯಾನ್ಸರಿಗೆ ಇಮ್ಯುನೊಥೆರಪಿ ಪಡೆಯುತ್ತಿರುವ ಹೆಣ್ಣುಮಗಳೊಬ್ಬಳು ರಾತ್ರಿಯಿಡೀ ಮೈ ಕೆರೆದುಕೊಂಡು ನಿದ್ದೆಗೆಡುತ್ತಾಳೆ. ಬೆಳಿಗ್ಗೆ ಡಾಕ್ಟರು ‘ಹೇಗಿದ್ದೀರಮ್ಮ?’ ಅಂದರೆ ‘ಪರವಾಗಿಲ್ಲ ಸರ್’ ಅನ್ನುತ್ತಾಳೆ. ಜೀವ ಉಳಿದರೆ ಸಾಕು ಎಂದು ಬಂದವಳಿಗೆ ತುರಿಕೆಯ ಮಾತೆತ್ತುವುದೂ ದುರಾಸೆಯೆನಿಸುತ್ತದೆ. ಆ ‘ಪರವಾಗಿಲ್ಲ’ವನ್ನು ನಂಬಿ ಮುಂದಿನ ಚೀಟಿ ಕೂಗುವುದನ್ನು ನಮ್ಮ ಆಸ್ಪತ್ರೆಗಳು ಇನ್ನಾದರೂ ಬಿಡಬೇಕು.

ಇಮ್ಯುನೊಥೆರಪಿ ದೊಡ್ಡ ವರವೆಂಬುದರಲ್ಲಿ ನನಗೆ ಸಂಶಯವಿಲ್ಲ. ಹಾರ್ಮೋನ್ ಮಾತ್ರೆಗೆ ಬಗ್ಗದ ‘ಟ್ರಿಪಲ್ ನೆಗೆಟಿವ್’ ಸ್ತನ ಕ್ಯಾನ್ಸರಿನಲ್ಲಿ ಕೀಮೋ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿ ಕೊಟ್ಟಾಗ, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಶೇ. 64.8 ಮಂದಿಯಲ್ಲಿ ಗಡ್ಡೆಯ ಗುರುತೇ ಉಳಿದಿರಲಿಲ್ಲ. ಬರೀ ಕೀಮೋದಲ್ಲಿ ಅದು ಶೇ. 51.2. 2020ರಲ್ಲಿ ಪ್ರಕಟವಾದ ಕೀನೋಟ್-522 ಅಧ್ಯಯನದ ಲೆಕ್ಕವಿದು. ಮರುವರ್ಷ ಅಮೆರಿಕ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಇದು ಕೆಲಸ ಮಾಡುವ ಬಗೆ ಹೀಗೆ: ನಮ್ಮ ರಕ್ಷಣಾ ಕಣಗಳಿಗೆ ಪಿಡಿ-1 ಎಂಬ ಕಡಿವಾಣವಿದೆ. ಅದನ್ನು ಕಂಡುಹಿಡಿದ ಜಪಾನಿನ ತಸುಕು ಹೊಂಜೊ 2018ರ ನೊಬೆಲ್ ಹಂಚಿಕೊಂಡರು. ಔಷಧಿ ಆ ಕಡಿವಾಣವನ್ನು ಸಡಿಲಿಸುತ್ತದೆ. ಸಡಿಲಗೊಂಡ ಕಣಗಳು ಗಡ್ಡೆಯ ಮೇಲಷ್ಟೇ ಅಲ್ಲ, ಥೈರಾಯ್ಡ್, ಕರುಳು, ಶ್ವಾಸಕೋಶದ ಮೇಲೂ ತಿರುಗಿಬೀಳಬಹುದು. ಎಷ್ಟೋ ಸಲ ಎಲ್ಲಕ್ಕಿಂತ ಮೊದಲು ಈ ದಾಳಿ ಕಾಣುವುದು ಚರ್ಮದಲ್ಲಿ. ಹಾಗಾಗಿ ಮೈಮೇಲೆ ಎದ್ದ ದದ್ದನ್ನು ‘ಉಷ್ಣ’ ಎಂದು, ‘ಪಿತ್ತದ ಗಂಧೆ’ ಎಂದು ತಳ್ಳಿಹಾಕಿದರೆ ದೇಹ ಕೊಟ್ಟ ಮೊದಲ ಸೂಚನೆಯನ್ನೇ ತಳ್ಳಿಹಾಕಿದ ಹಾಗೆ.

ಡಾಕ್ಟರುಗಳಲ್ಲಿ ಒಂದು ವಿನಂತಿ. ‘ಕೆಂಪಾಗಿದೆಯಾ?’ ಎಂದು ಕೇಳಿ ಬಿಟ್ಟುಬಿಡಬೇಡಿ. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ನಮ್ಮ ಕಂದು, ಕಪ್ಪು ಮೈಮೇಲೆ ಅದೇ ಉರಿಯೂತ ನೇರಳೆಯಾಗಿ, ಬೂದುಬಣ್ಣವಾಗಿ, ಕಡುಗಂದಾಗಿ ಕಾಣುತ್ತದೆ. ಕೆಲವೊಮ್ಮೆ ಕಣ್ಣಿಗೆ ಏನೂ ಕಾಣದೆ ಬೆರಳಿಗೆ ಮಾತ್ರ ತರಿತರಿ ಅನಿಸುತ್ತದೆ. ಕೆಂಪಿಲ್ಲ ಎಂದು ಬರೆದುಕೊಂಡ ಕಡತ ಸುಳ್ಳು ಹೇಳುತ್ತಿರಬಹುದು. ದದ್ದು ಹೋದ ಮೇಲೂ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಕಾಡುತ್ತದೆ. ಕೂದಲು ಹೋಗಿದೆ, ಎದೆ ಹೋಗಿದೆ, ಈಗ ಮುಖ ಕೈಯ ಬಣ್ಣವೂ ಹೋಯಿತು ಅಂದುಕೊಂಡು ಮದುವೆ ಮುಂಜಿಗೆ ಹೋಗದೆ ಮನೆಯಲ್ಲೇ ಕೂರುವವಳ ದುಃಖವನ್ನು ‘ಕಾಸ್ಮೆಟಿಕ್’ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಆಕೆ ತೋರಿಸುವುದಾದರೂ ಎಲ್ಲಿ? ದದ್ದು ಇರುವುದು ರವಿಕೆಯೊಳಗೆ, ಸೊಂಟದ ಪಟ್ಟಿಯಡಿ, ತೊಡೆಸಂದಿಯಲ್ಲಿ. ಎದುರಿಗಿರುವವರು ಗಂಡಸರು, ಪರದೆ ಅರ್ಧ ತೆರೆದಿದೆ, ಬಾಗಿಲಲ್ಲಿ ಸಾಲು. ಒಂದು ಪೂರ್ತಿ ಪರದೆ, ಪಕ್ಕದಲ್ಲೊಬ್ಬ ನರ್ಸಮ್ಮ, ಒಳ್ಳೆಯ ಬೆಳಕು: ಲಕ್ಷಗಟ್ಟಲೆ ಬೆಲೆಯ ಔಷಧಿ ಏರಿಸುವ ಆಸ್ಪತ್ರೆಗೆ ಇದು ಹೊರೆಯಲ್ಲ.

ಮನೆಯವರೂ ಕೇಳಿ. ಬೇವಿನ ಸೊಪ್ಪು ಅರೆದು ಹಚ್ಚುವ, ಮೆಡಿಕಲ್ ಶಾಪಿನಲ್ಲಿ ಹೆಸರು ಗೊತ್ತಿಲ್ಲದ ಮುಲಾಮು ತಂದು ಸವರುವ ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಆ ಲೇಪ ರೋಗದ ಮುಖವನ್ನೇ ಮರೆಮಾಡುತ್ತದೆ. ಬೇಗ ತಿಳಿದರೆ ಇದು ಬಹುಪಾಲು ಸುಲಭದಲ್ಲಿ ಹತೋಟಿಗೆ ಬರುವ ತೊಂದರೆ. ದದ್ದು ಮೈಯ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಹರಡಿದ್ದರೆ ಸಾಮಾನ್ಯವಾಗಿ ಚರ್ಮ ಒಣಗದಂತೆ ಹಚ್ಚುವ ಕ್ರೀಮು, ವೈದ್ಯರು ಬರೆದ ಸ್ಟಿರಾಯ್ಡ್ ಮುಲಾಮು, ತುರಿಕೆಯ ಮಾತ್ರೆ ಸಾಕಾಗುತ್ತದೆ. ಕ್ಯಾನ್ಸರ್ ಔಷಧಿ ನಿಲ್ಲಿಸಬೇಕಾಗಿಲ್ಲ. ಮೈಯ ಶೇ. 30 ದಾಟಿದರೆ ಔಷಧಿಯನ್ನು ಕೆಲಕಾಲ ತಡೆದು ಸ್ಟಿರಾಯ್ಡ್ ಮಾತ್ರೆ ಕೊಡುತ್ತಾರೆ. ಮುಚ್ಚಿಟ್ಟು ಮುಚ್ಚಿಟ್ಟು, ಸಹಿಸಲಾಗದ ದಿನ ‘ಇನ್ನು ಆಸ್ಪತ್ರೆಯೇ ಬೇಡ’ ಎಂದು ಚಿಕಿತ್ಸೆ ತಾನಾಗಿ ಬಿಡುವ ಹೆಣ್ಣನ್ನು ನಾವು ಕಳೆದುಕೊಳ್ಳಬಾರದು.

ಅಪರೂಪಕ್ಕೆ ಈ ದದ್ದು ಪ್ರಾಣಕ್ಕೇ ಬರುತ್ತದೆ. ನೀರುಗುಳ್ಳೆ ಎದ್ದರೆ, ಚರ್ಮ ಸುಲಿದರೆ, ಮುಟ್ಟಿದರೆ ನೋವಾದರೆ, ಬಾಯಲ್ಲೋ ಗುಪ್ತಾಂಗದಲ್ಲೋ ಹುಣ್ಣಾದರೆ, ಕಣ್ಣು ಉರಿದು ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಗಾಡಿ ಮಾಡಿ ಹೊರಡಿ. ತುರ್ತು ಚಿಕಿತ್ಸೆಯವರಿಗೆ ‘ಕೀಮೋ ಆಗಿದೆ’ ಎಂದಷ್ಟೇ ಹೇಳದೆ ಇಮ್ಯುನೊಥೆರಪಿಯ ಹೆಸರು ಬರೆದ ಚೀಟಿ ತೋರಿಸಿ. ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೂ ಇದು ಬರಬಹುದು, ಆ ಚೀಟಿ ಎಸೆಯಬೇಡಿ.

ಆಸ್ಪತ್ರೆಗಳು ಮೊದಲ ಡ್ರಿಪ್‌ಗೆ ಮುಂಚೆಯೇ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಡಲಿ, ಅದರಲ್ಲಿ ರಾತ್ರಿಯೂ ಎತ್ತುವ ಫೋನ್ ನಂಬರಿರಲಿ. ಡೇ ಕೇರ್‌ನ ನರ್ಸಮ್ಮಂದಿರು ಪ್ರತಿ ಸಲವೂ ‘ತುರಿಕೆ ಇದೆಯಾ, ನಿದ್ದೆ ಬಂತಾ, ಬಾಯಿ ನೋಯುತ್ತಾ’ ಎಂದು ಬಾಯಿಬಿಟ್ಟು ಕೇಳಲಿ. ಗಂಡಂದಿರೇ, ಮಕ್ಕಳೇ, ಕಿಟಕಿಯ ಬೆಳಕಿನಲ್ಲಿ ಆಕೆಯ ಬೆನ್ನು ನೋಡಿ. ಅಲ್ಲಿಗೆ ಆಕೆಯ ಕಣ್ಣು ಹೋಗುವುದಿಲ್ಲ. ಆಕೆ ಒಪ್ಪಿದರೆ ಫೋಟೋ ತೆಗೆದು, ಎಂದು ಶುರುವಾಯಿತೆಂದು ಬರೆದಿಡಿ.

ಅಕ್ಕಾ, ನೀವು ಪೀಡೆ ಕೊಡುತ್ತಿಲ್ಲ. ಮೂರು ವಾರಕ್ಕೊಮ್ಮೆ ಬರುವ ಡ್ರಿಪ್‌ನ ಸರದಿಯವರೆಗೆ ತಡೆದುಕೊಳ್ಳಬೇಡಿ. ಇವತ್ತೇ ಫೋನ್ ಮಾಡಿ. ಯಾರೂ ಕೇಳದಿದ್ದರೂ, ಸೂಜಿ ಚುಚ್ಚುವ ಮೊದಲೇ ತೋಳು ಚಾಚಿ ತೋರಿಸಿ.